ಗೋಡೆಗೆ ಓಡುವ ಚೌಕ

ಕಾರ್ಖಾನೆಯ ಬಾಯ್ಲರಿನವನು ಫೋಟೊ ತಂದು ಸ್ಟುಡಿಯೊದ ಕೌಂಟರಿನ ಮೇಲೆ ಕುಕ್ಕಿದ.

"ನೋಡಿ ಹೇಳಿ, ಇದು ನಾನಾ?"

ಅದನ್ನು ತೆಗೆದಿದ್ದ ತಮ್ಮ ನೋಡಿದ. ನೋಡುವುದೇನು, ನೋಡದೆಯೂ ಗೊತ್ತಿತ್ತು. ಅಂಗಿಯ ಬಣ್ಣ ಬಿಟ್ಟರೆ ಗುರುತು ಹಿಡಿಯುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ. ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಯಿತೋ ದೇವರಿಗೇ ಗೊತ್ತು.

"ಗೇಟಿನ ಕಾವಲಿನವನು ಒಳಗೇ ಬಿಡಲಿಲ್ಲ. ದಿನಾ ನನ್ನ ಹತ್ತಿರ ಬೆಂಕಿಪೊಟ್ಟಣ ಕೇಳೋ ಮನುಷ್ಯ, ಚೀಟಿಯಲ್ಲಿ ಈ ಫೋಟೊ ನೋಡಿ ಯಾರಪ್ಪಾ ನೀನು ಅಂತಾನೆ. ಮೆಚ್ಚಿಕೊಂಡವಳು ನನ್ನ ಹೆಂಡತಿ ಒಬ್ಬಳೇ. ನೀವು ಇಷ್ಟು ಲಕ್ಷಣವಾಗಿ ಯಾವತ್ತೂ ಕಂಡಿರಲಿಲ್ಲ ಅಂದಳು."

ಕೌಂಟರಿನ ಹಿಂದೆ ಕೂತಿದ್ದ ಅತ್ತಿಗೆ ನಗಲಿಲ್ಲ. "ನಾಳೆ ಬೆಳಿಗ್ಗೆ ಬನ್ನಿ, ಬೇರೆ ತೆಗೆದುಕೊಡ್ತೀವಿ" ಅಂದಳು.

"ಬರ್ತೀನಿ. ನಾಳೆಯೂ ಹೀಗೇ ಆದರೆ ಕೆಲಸ ಬೇರೆ ಸ್ಟುಡಿಯೊಗೆ ಕೊಡ್ತೀನಿ ಅಂದಿದಾರೆ ನಮ್ಮ ಮೇಸ್ತ್ರಿ. ಎಂಬತ್ತು ಜನರ ಗುರುತಿನ ಚೀಟಿ, ನೋಡ್ಕೊಳ್ಳಿ."

ಅವನು ಮೆಟ್ಟಿಲಿಳಿದ ಮೇಲೆ ಅತ್ತಿಗೆ ಕೇಳಿದಳು. "ಇದು ಎಷ್ಟನೆಯದು?"

"ಹನ್ನೊಂದು."

"ಹನ್ನೊಂದು ಜನಕ್ಕೆ ಮುಖವೇ ಇಲ್ಲ. ನೋಡು, ನಾಳೆ ಒಂದು ದಿನ ಕಾಯ್ತೀನಿ. ಆಗಲಿಲ್ಲ ಅಂದರೆ ಕ್ಯಾಮೆರಾ ಮಾರಿ ಬಾಗಿಲು ಹಾಕೋಣ. ನಾನು ನಮ್ಮಕ್ಕನ ಮನೆಗೆ ಹೋಗ್ತೀನಿ."

"ಅಣ್ಣನ ಕ್ಯಾಮೆರಾನ ಮಾರ್ತೀರಾ?"

"ಅವರ ಕ್ಯಾಮೆರಾ ಅವರಿಗೆ ಬರ್ತಿತ್ತು. ಆ ಪುಸ್ತಕ ಇದ್ದಿದ್ದರೆ ನಿನಗೂ ಬರ್ತಿತ್ತೋ ಏನೋ. ಎಲ್ಲಿ ಹಾಳಾಗಿ ಹೋಯಿತೋ ಅದು."

ತಮ್ಮ ಲೆನ್ಸ್ ಒರೆಸುವವನ ಹಾಗೆ ಬೆನ್ನು ತಿರುಗಿಸಿದ. ಪುಸ್ತಕ ಎಲ್ಲಿದೆ ಎಂದು ಈ ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಒಬ್ಬ ಇವನೇ.

ಬೀದಿಯವರು ಆ ಅಂಗಡಿಯನ್ನು ಅಣ್ಣತಮ್ಮರ ಸ್ಟುಡಿಯೊ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಇಬ್ಬರೂ ಒಂದೇ ಫೋಟೊವನ್ನು ಎರಡು ಪಾಲು ಮಾಡಿಕೊಂಡು ತೆಗೆದವರು. ತಮ್ಮ ಕ್ಯಾಮೆರಾ ಹಿಂದೆ ನಿಲ್ಲುತ್ತಿದ್ದ. ಅಣ್ಣ ಗಿರಾಕಿಯ ಪಕ್ಕ, ಬಿಳಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದ. ಗಿರಾಕಿಯ ಕಾಲರು ಸರಿಮಾಡಿ, "ಉಸಿರು ಬಿಡಿ, ಗಲ್ಲ ಒಂಚೂರು ಎತ್ತಿ" ಎಂದು ಮೆಲ್ಲಗೆ ಹೇಳಿ ಒಂದು ಹೆಜ್ಜೆ ಬಲಕ್ಕೆ ಸರಿಯುತ್ತಿದ್ದ. ಅವನು ಸರಿದದ್ದೇ ಸನ್ನೆ, ತಮ್ಮ ಗುಂಡಿ ಒತ್ತುತ್ತಿದ್ದ. ಆ ಒಂದು ಹೆಜ್ಜೆಯ ತಾಳ ಇಬ್ಬರ ಮೈಯಲ್ಲೂ ಕೂತುಬಿಟ್ಟಿತ್ತು.

ಆಮೇಲೆ ಹೊಸ ಕ್ಯಾಮೆರಾ ಬಂತು. ಅದರ ಜೊತೆ ಇಟ್ಟಿಗೆ ದಪ್ಪದ ಕೈಪಿಡಿ. ಅಣ್ಣ ಕನ್ನಡಕ ಏರಿಸಿ, ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಮೊದಲನೆಯ ಪುಟದಿಂದ ಓದತೊಡಗಿದ. ಹನ್ನೆರಡು ದಿನ ಓದಿದ. ಅಷ್ಟೂ ದಿನ ತಮ್ಮನಿಗೆ ಕ್ಯಾಮೆರಾ ಮುಟ್ಟಗೊಡಲಿಲ್ಲ.

"ಫೋಟೊ ತೆಗೆಯೋಕೆ ಹುಟ್ಟಿದ ಕೈ ಇದು. ಇದಕ್ಕೆ ಪುಸ್ತಕ ಬೇಕಾ? ಅತ್ತಿಗೇನ ಮದುವೆ ಆದಾಗ ಜೊತೆಗೆ ಪುಸ್ತಕ ಕೊಟ್ಟಿದ್ದರಾ ನಿನಗೆ?" ಎಂದು ತಮ್ಮ ರೇಗಿದ್ದ.

"ಕೊಟ್ಟಿದ್ದರೆ ಇಷ್ಟು ಬೈಗುಳ ತಿಂತಿರಲಿಲ್ಲ" ಎಂದು ಅಣ್ಣ ತಲೆ ಎತ್ತದೆ ಹೇಳಿದ. "ಇದು ಹಳೆಯದರ ಹಾಗಲ್ಲ ಕಣೋ. ಹಳೆಯದು ನಾವು ಹೇಳಿದ್ದನ್ನ ಮಾಡ್ತಿತ್ತು. ಇದು ತಾನೇ ತೀರ್ಮಾನ ಮಾಡುತ್ತೆ. ಏನು ತೀರ್ಮಾನ ಮಾಡುತ್ತೆ ಅಂತ ತಿಳಿಯದೆ ಮುಟ್ಟಿದರೆ ನಾವು ಅದರ ಆಳು."

ಹದಿಮೂರನೆಯ ದಿನ ತಮ್ಮನ ಪಿತ್ತ ನೆತ್ತಿಗೇರಿತು. ಅಣ್ಣ ಊಟಕ್ಕೆ ಹೋದಾಗ ಆ ಕೈಪಿಡಿಯನ್ನು ಎತ್ತಿಕೊಂಡು ಹೋಗಿ, ಎಷ್ಟೋ ವರ್ಷದಿಂದ ಮುಚ್ಚಿದ್ದ ಡಾರ್ಕ್‌ರೂಮಿನಲ್ಲಿ, ಫಿಲಂ ತೊಳೆಯುತ್ತಿದ್ದ ಕಾಲದ ಟ್ರೇಗಳ ಕೆಳಗೆ ತುರುಕಿದ. ಎರಡು ದಿನ ಹುಡುಕಾಡಲಿ, ಬುದ್ಧಿ ಬರುತ್ತೆ ಎಂದುಕೊಂಡ. ಅಣ್ಣ ನಾಲ್ಕು ದಿನ ಹುಡುಕಿದ. ತಮ್ಮನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ, ಹೆಂಡತಿ ರದ್ದಿಗೆ ಹಾಕಿದಳೆಂದು ಅವಳ ಜೊತೆ ಜಗಳವಾಡಿದ. ಐದನೆಯ ದಿನ ಮಧ್ಯಾಹ್ನ ಟಾರ್ಚ್ ಹಿಡಿದು ಡಾರ್ಕ್‌ರೂಮಿಗೆ ಹೋದವನು ಬರಲಿಲ್ಲ. ತಮ್ಮ ಹೋಗಿ ನೋಡಿದಾಗ ಟ್ರೇಗಳಿಂದ ಒಂದು ಮೊಳ ದೂರದಲ್ಲಿ ಬಿದ್ದಿದ್ದ. ಟಾರ್ಚ್ ಉರಿಯುತ್ತಲೇ ಇತ್ತು.

ಹೃದಯ ನಿಂತಿದೆ, ಹಾಸಿಗೆಯಲ್ಲಿ ಮಲಗಿದ್ದರೂ ನಿಲ್ಲುತ್ತಿತ್ತು ಎಂದರು ಡಾಕ್ಟರು. ತಮ್ಮ ಆ ಮಾತನ್ನು ಈ ನಾಲ್ಕು ತಿಂಗಳಲ್ಲಿ ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಂಡಿದ್ದ. ಒಂದು ಸಲವೂ ಅದು ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ.

ಅಣ್ಣನ ಒಂದು ಹಳೆಯ ಫೋಟೊಗೆ ಕಟ್ಟು ಹಾಕಿಸಿ ಅತ್ತಿಗೆ ಬಿಳಿ ಗೋಡೆಯ ಮೇಲೆ ತೂಗುಹಾಕಿದಳು, ಅವನು ನಿಲ್ಲುತ್ತಿದ್ದ ಜಾಗದಲ್ಲೇ, ಅವನ ತಲೆ ಬರುತ್ತಿದ್ದ ಎತ್ತರಕ್ಕೆ. ಚೀಟಿಯ ಫೋಟೊವನ್ನು ಅಗಲವಾಗಿ ತೆಗೆದು ಆಮೇಲೆ ಮುಖದ ಸುತ್ತ ಕತ್ತರಿಸುವುದು ಅವರ ರೂಢಿ. ಹಾಗಾಗಿ ಅಡ್ಡಿಯೇನೂ ಇಲ್ಲ ಎನಿಸಿತ್ತು.

ಆರು ವಾರದ ಹಿಂದೆ ಹಳೆಯ ಕ್ಯಾಮೆರಾ ಕೆಟ್ಟು ನಿಂತಿತು. ಬೇರೆ ದಾರಿ ಇಲ್ಲದೆ ತಮ್ಮ ಹೊಸದನ್ನು ಕೈಗೆತ್ತಿಕೊಂಡ. ಮೊದಲ ಗಿರಾಕಿ ಕೂತಳು. ಕಣ್ಣಿಟ್ಟು ನೋಡಿದರೆ ಒಳಗೆ ಒಂದು ಸಣ್ಣ ಬಿಳಿ ಚೌಕ ಅವಳ ಮುಖದ ಮೇಲೆ ಹುಟ್ಟಿತು. ಇಲ್ಲಿ ನೋಡ್ತಿದೀನಿ ಎಂದು ಕ್ಯಾಮೆರಾ ಹೇಳುವ ರೀತಿ ಅದು, ಇಷ್ಟು ಅವನಿಗೂ ಗೊತ್ತಾಯಿತು. ಗುಂಡಿ ಅರ್ಧ ಒತ್ತಿದ. ಚೌಕ ಅವಳ ಮುಖ ಬಿಟ್ಟು ಬಲಕ್ಕೆ ಸರಿಯಿತು. ಒಂದು ಹೆಜ್ಜೆಯಷ್ಟು. ಅಣ್ಣನ ಮುಖದ ಮೇಲೆ ಹೋಗಿ ನಿಂತಿತು.

ಅಂದಿನಿಂದ ಎಷ್ಟು ಸಲ ಎಳೆದು ತಂದರೂ ಅದು ಅಲ್ಲಿಗೇ. ಕೂತವರು ಮಂಜಾದರು, ಗೋಡೆಯ ಮೇಲಿನವನು ಹೊಳೆದ. ಅತ್ತಿಗೆಗೆ ತೋರಿಸೋಣವೆಂದರೆ ಅವಳು ಏಕೆ ಎಂದು ಕೇಳುತ್ತಾಳೆ. ಆ ಏಕೆಗೆ ಉತ್ತರ ಟ್ರೇಗಳ ಕೆಳಗಿತ್ತು. ಹೋಗಿ ಕೈಪಿಡಿ ತೆಗೆಯೋಣವೆಂದರೆ ಡಾರ್ಕ್‌ರೂಮಿನ ಚಿಲಕಕ್ಕೆ ಕೈ ಹೋಗುತ್ತಿರಲಿಲ್ಲ. ಅಣ್ಣ ನನ್ನನ್ನು ಬಿಡುವುದಿಲ್ಲ, ಅಂಗಡಿ ಮುಚ್ಚಿಸಿಯೇ ತೀರುತ್ತಾನೆ ಎಂದು ತಮ್ಮ ನಂಬಿಬಿಟ್ಟಿದ್ದ.

ಮರುದಿನ ಅತ್ತಿಗೆ ಬರುವ ಮುಂಚೆಯೇ ಬಾಯ್ಲರಿನವನು ಬಂದು ಕೂತ. ಅವಸರದಲ್ಲಿ ಹಾಕಿಕೊಂಡ ಅಂಗಿ, ಕಾಲರಿನ ಎಡಬದಿ ಒಳಕ್ಕೆ ಮಡಚಿಕೊಂಡಿತ್ತು. ತಮ್ಮನಿಗೆ ಅದು ಕಾಣಲಿಲ್ಲ, ಅದೆಲ್ಲ ಅವನ ಪಾಲಿನ ಕೆಲಸವಾಗಿರಲಿಲ್ಲ. ಅವನು ಹಳೆಯ ಕ್ಯಾಮೆರಾದ ಕರಿ ಬಟ್ಟೆ ತಂದು, ಕಣ್ಣು ಮುಚ್ಚಿಕೊಂಡು ಅಣ್ಣನ ಫೋಟೊಗೆ ಹೊದಿಸಿದ.

ಚೌಕ ಬಾಯ್ಲರಿನವನ ಮೇಲೆ ಹುಟ್ಟಿತು. ಕದಲಲಿಲ್ಲ. ಹಾಗಾದರೆ ಇದು ಅಣ್ಣನ ಕೆಲಸವೇ. ಕ್ಯಾಮೆರಾ ಕೆಟ್ಟಿಲ್ಲ, ಅವನೇ.

"ಏನೋ ಅದು!"

ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಚೀಲ ಕೆಳಕ್ಕೆ ಬಿತ್ತು.

"ಅವರ ಮುಖಕ್ಕೆ ಬಟ್ಟೆ ಮುಚ್ಚಿದೀಯಾ? ನಿನ್ನ ಕೈಲಾಗದ್ದಕ್ಕೆ ಅವರ ಮುಖ ಮುಚ್ಚುತೀಯಾ?"

"ಅವನು ಬಿಡ್ತಿಲ್ಲ ಅತ್ತಿಗೆ! ಯಾರನ್ನ ಕೂರಿಸಿದರೂ ಚೌಕ ಅವನ ಮೇಲೇ ಹೋಗುತ್ತೆ. ನನ್ನ ಮೇಲೆ ಸಿಟ್ಟು ಅವನಿಗೆ."

"ನಿನ್ನ ಮೇಲೆ ಅವರಿಗೆ ಯಾವ ಸಿಟ್ಟೋ? ಸಾಯೋ ದಿನ ಬೆಳಿಗ್ಗೆಯೂ ನನ್ನ ತಮ್ಮ ಊಟ ಮಾಡಿದನಾ ಅಂತ ಕೇಳಿದರು."

ಬಾಯ್ಲರಿನವನು ಎದ್ದ. "ನಾನು ಆಮೇಲೆ..."

"ಕೂತ್ಕೊಳ್ಳಿ!" ಇಬ್ಬರೂ ಒಟ್ಟಿಗೆ ಅರಚಿದರು. ಅವನು ಕೂತ.

"ಪುಸ್ತಕ ಬಚ್ಚಿಟ್ಟಿದ್ದು ನಾನು" ಅಂದ ತಮ್ಮ. ನಾಲ್ಕು ತಿಂಗಳಿಂದ ಹಲ್ಲಿನ ಹಿಂದೆ ನಿಂತಿದ್ದ ಮಾತು ಕೊನೆಗೆ ಆಚೆ ಬಿತ್ತು. "ಡಾರ್ಕ್‌ರೂಮಿನಲ್ಲಿ. ಟ್ರೇಗಳ ಕೆಳಗೆ. ಅವನು ಅದನ್ನೇ ಹುಡುಕಿಕೊಂಡು ಹೋಗಿದ್ದು."

ಅತ್ತಿಗೆ ಬಿದ್ದ ಚೀಲ ಎತ್ತಿ ಕೌಂಟರಿನ ಮೇಲಿಟ್ಟಳು.

"ನಿನ್ನ ಊಟ ಕೇಳೋದೊಂದು ಬಿಟ್ಟು ನಾಲ್ಕು ದಿನ ಅವರು ನನ್ನ ಜೊತೆ ಮಾತೇ ಆಡಲಿಲ್ಲ" ಅಂದಳು. "ರದ್ದಿಗೆ ಹಾಕಿದ್ದು ನಾನೇ ಅಂತ. ಮಾತು ಬಿಟ್ಟೇ ಹೋಗಿಬಿಟ್ಟರು. ಹೋಗಿ ತಗೊಂಡು ಬಾ."

"ಅತ್ತಿಗೆ, ಆ ಕೋಣೆಗೆ..."

"ತಗೊಂಡು ಬಾ ಅಂದೆ."

ಹೋದ. ಚಿಲಕ ತೆಗೆದ. ಒಳಗೆ ಹಳೆಯ ರಸಾಯನದ ಹುಳಿ ವಾಸನೆ ಇನ್ನೂ ಇತ್ತು. ಅಣ್ಣ ಬಿದ್ದಿದ್ದ ಜಾಗದ ಮೇಲೆ ಕಾಲಿಡದೆ ಗೋಡೆಗೆ ಒರಗಿಕೊಂಡೇ ದಾಟಿದ. ಕೈಪಿಡಿ ಟ್ರೇಯ ಕೆಳಗೆ ಇಟ್ಟ ಹಾಗೇ ಇತ್ತು. ತಂದು ಕೌಂಟರಿನ ಮೇಲಿಟ್ಟ. ಹಾಳೆ ಮಗುಚಿದವಳು ಅತ್ತಿಗೆ.

ಅಂಚಿನ ತುಂಬ ಪೆನ್ಸಿಲ್ ಬರಹ. ಒಂದು ಪುಟದ ಮೂಲೆ ಮಡಚಿತ್ತು. ಅತ್ತಿಗೆ ಗಟ್ಟಿಯಾಗಿ ಓದಿದಳು.

"ಮುಖಗಳನ್ನು ಗುರುತಿಗೆ ಇಡುವುದು. ಹೀಗೆ ಗುರುತಿಗೆ ಇಟ್ಟ ಮುಖ ಎದುರಿಗಿದ್ದರೆ ಕ್ಯಾಮೆರಾ ಬೇರೆಯವರನ್ನು ಬಿಟ್ಟು ಮೊದಲು ಆ ಮುಖವನ್ನೇ ನೋಡುತ್ತದೆ. ಹೋಲಿಕೆ ಇರುವವರನ್ನು ಕ್ಯಾಮೆರಾ ಒಬ್ಬರ ಬದಲು ಇನ್ನೊಬ್ಬರೆಂದು ತಿಳಿಯಬಹುದು." ಅವಳು ಅಂಚಿನ ಮೇಲೆ ಬೆರಳಿಟ್ಟಳು. "ಪಕ್ಕದಲ್ಲಿ ಇವರು ಬರೆದಿದಾರೆ. ಒಂದು, ತಮ್ಮ. ಎರಡು, ಇವಳು. ಮೂರು, ನಾನು, ತಮ್ಮನ ಕೈಲೇ ತೆಗೆಸಬೇಕು."

ಪುಟದಲ್ಲಿ ಹೇಳಿದ್ದ ಗುಂಡಿಗಳನ್ನು ತಮ್ಮ ಒಂದೊಂದಾಗಿ ಒತ್ತಿದ. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಫೋಟೊ ಕೂರುವ ಮೂರು ಮನೆ ಮೂಡಿದವು. ಮೊದಲನೆಯದರಲ್ಲಿ ತಾನೇ, ಇದೇ ಕುರ್ಚಿಯಲ್ಲಿ ಮಧ್ಯಾಹ್ನದ ತೂಕಡಿಕೆಯಲ್ಲಿ, ಬಾಯಿ ಅರ್ಧ ತೆರೆದುಕೊಂಡು. ಎರಡನೆಯದರಲ್ಲಿ ಅತ್ತಿಗೆ ಕೌಂಟರಿನಲ್ಲಿ ತಲೆ ಬಗ್ಗಿಸಿದ್ದಳು. ಮೂರನೆಯದು ಖಾಲಿ.

ಗೋಡೆಯ ಮೇಲಿನ ಫೋಟೊದಲ್ಲಿ ಅಣ್ಣನಿಗೆ ಈಗಿನ ತಮ್ಮನ ವಯಸ್ಸು. ಅದೇ ಹಣೆ, ಅದೇ ಅಂಟಿಕೊಂಡ ಕಿವಿ. ಆರು ವಾರದಿಂದ ಕ್ಯಾಮೆರಾ ಅಣ್ಣನನ್ನು ನೋಡುತ್ತಿರಲಿಲ್ಲ. ಅಣ್ಣನ ಮುಖದಲ್ಲಿ ತಮ್ಮನನ್ನು ಹುಡುಕುತ್ತಿತ್ತು.

"ಇನ್ನೂ ಒಂದು ಸಾಲಿದೆ" ಅಂದಳು ಅತ್ತಿಗೆ. "ಗಿರಾಕಿ ಕೂತಾಗ ಇದನ್ನು ಆರಿಸಿಡಬೇಕು, ತಮ್ಮನಿಗೆ ಹೇಳುವುದು. ಓದು ಅಂದರೆ ರೇಗುತ್ತಾನೆ, ಊಟ ಆದ ಮೇಲೆ ಹೇಳುವುದು."

ಒಂದು ಗುಂಡಿ. ಅಷ್ಟೇ. ತಮ್ಮನಿಗೆ ತನ್ನ ಕೆನ್ನೆಗೇ ಎರಡು ಬಾರಿಸಿಕೊಳ್ಳಬೇಕೆನಿಸಿತು. ಒತ್ತಿದ. ಮೂರು ಮನೆಗಳೂ ಬೂದಿಬಣ್ಣಕ್ಕೆ ತಿರುಗಿದವು.

"ನಿನ್ನನ್ನ ಕ್ಷಮಿಸ್ತೀನಿ ಅಂತ ಈಗಲೇ ಕಾಯಬೇಡ" ಅಂದಳು ಅತ್ತಿಗೆ. "ಅಂಗಡಿ ಮುಚ್ಚಲ್ಲ. ಆದರೆ ಇದನ್ನ ಮೊದಲನೇ ಪುಟದಿಂದ ಓದ್ತೀಯ, ದಿನಾ, ನನ್ನೆದುರಿಗೆ ಕೂತು. ಈಗ ಆ ಬಟ್ಟೆ ತೆಗಿ. ಅವರ ಎದುರಿಗೇ ತೆಗಿ ಫೋಟೊನ."

ತಮ್ಮ ಬಟ್ಟೆ ತೆಗೆದು ಕ್ಯಾಮೆರಾ ಹಿಂದೆ ಹೋಗಿ ನಿಂತ. ಕಣ್ಣಿಟ್ಟ. ಚೌಕ ಬಾಯ್ಲರಿನವನ ಮುಖದ ಮೇಲೆ ಹುಟ್ಟಿತು. ಗುಂಡಿ ಅರ್ಧ ಒತ್ತಿದ. ಚೌಕ ಕದಲಲಿಲ್ಲ. ಗೋಡೆಯ ಕಡೆ ಅದು ತಿರುಗಿಯೂ ನೋಡಲಿಲ್ಲ. ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಅಣ್ಣ ನಿಜವಾಗಿ ಹೋದದ್ದು ಈಗ, ತನ್ನ ಬೆರಳಿನಿಂದ ಎನಿಸಿತು.

ಅಷ್ಟರಲ್ಲಿ ಬಾಯ್ಲರಿನವನು ದೀರ್ಘವಾಗಿ ಉಸಿರು ಬಿಟ್ಟು ಗಲ್ಲವನ್ನು ಒಂಚೂರು ಎತ್ತಿದ.

ತಮ್ಮ ಕ್ಯಾಮೆರಾದಿಂದ ಕಣ್ಣು ಕಿತ್ತ. ತಾನು ಬಾಯಿ ಬಿಟ್ಟಿರಲಿಲ್ಲ.

"ನೀವು ಹೇಳಿದಿರಾ ಅತ್ತಿಗೆ?"

"ಏನನ್ನ?"

"ಇಷ್ಟು ಸಾಕಾ?" ಎಂದು ಬಾಯ್ಲರಿನವನು ಕೇಳಿದ. ತಮ್ಮನನ್ನು ಕೇಳಲಿಲ್ಲ. ಕತ್ತು ಅಲುಗಿಸದೆ, ಕಣ್ಣು ಮಾತ್ರ ಬಲಕ್ಕೆ ಹೊರಳಿಸಿ, ಗೋಡೆಯ ಹತ್ತಿರದ ಖಾಲಿ ಜಾಗವನ್ನು ಕೇಳಿದ. ಆಮೇಲೆ ಕಣ್ಣು ಮುಂದಕ್ಕೆ ತಂದು ಸುಮ್ಮನೆ ಕೂತ.

ಒಂದು ಹೆಜ್ಜೆಯಷ್ಟು ಹೊತ್ತು ಕಾದು ತಮ್ಮ ಗುಂಡಿ ಒತ್ತಿದ.

ಚಿತ್ರ ಮೂಡಿತು. ರೆಪ್ಪೆಯ ಒಂದೊಂದು ಕೂದಲೂ ಬಿಡಿಯಾಗಿ ಕಾಣುತ್ತಿತ್ತು. ಅತ್ತಿಗೆ ಹತ್ತಿರ ಬಂದು ಬಗ್ಗಿ ನೋಡಿದಳು. ಮುಖವನ್ನಲ್ಲ, ಅದರ ಕೆಳಗೆ ನೋಡಿದಳು. ಬಾಗಿಲಲ್ಲಿ ನಿಂತಿದ್ದಾಗ ಅವಳ ಕಣ್ಣಿಗೆ ಬಿದ್ದಿತ್ತು, ಹೇಳಲು ಹೊತ್ತು ಸಿಕ್ಕಿರಲಿಲ್ಲ.

"ಇವರ ಕಾಲರು ಮಡಚಿತ್ತಲ್ಲೋ" ಅಂದಳು. "ಯಾರು ಸರಿ ಮಾಡಿದ್ದು?"