ಕಟಿಂಗ್ ಅಕ್ಕ ಬರೆದುಕೊಟ್ಟ ಕಾರಣ

ಏಳು ವಾರದ ರಜೆ ಮುಗಿಸಿ ಕಟಿಂಗ್ ಅಕ್ಕ ಪ್ರೆಸ್ಸಿಗೆ ಬಂದ ದಿನ, ಅವಳ ಯಂತ್ರದ ಮುಂದೆ ಬೇರೆ ಯಾರೋ ನಿಂತಿದ್ದರು. ಅವಳ ಏಪ್ರನ್ ಪ್ಯಾಕಿಂಗ್ ಮೇಜಿನ ಮೇಲಿತ್ತು, ನೀಟಾಗಿ ಮಡಚಿ.

ಹನ್ನೊಂದು ವರ್ಷದಿಂದ ಆ ಕಾಗದ ಕತ್ತರಿಸುವ ಯಂತ್ರ ಅವಳದ್ದೇ. ದಪ್ಪ ಕಾಗದದ ಕಟ್ಟನ್ನು ತಟ್ಟಿ ಸಮ ಮಾಡಿ, ಅಲಗಿನ ಕೆಳಗೆ ತಳ್ಳಿ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕತ್ತರಿಸುತ್ತಿದ್ದಳು. ವಯಸ್ಸು ಮೂವತ್ತನಾಲ್ಕು. ಆದರೂ ತಲೆ ನರೆತವರೂ ಅಕ್ಕ ಎಂದೇ ಕರೆಯುತ್ತಿದ್ದರು. ಅಲಗು ಇಟ್ಟುಕೊಂಡವರ ಹತ್ತಿರ ಸಲುಗೆ ಯಾಕೆ ಅಂತ ತಮಾಷೆ.

ಮ್ಯಾನೇಜರು ಒಳಗೆ ಕರೆದು ಒಂದು ಫಾರಂ ಮುಂದಿಟ್ಟರು. "ಎಲ್ಲ ನಾವೇ ತುಂಬಿದ್ದೇವೆ. ನೀವು ಸಹಿ ಹಾಕಿದರೆ ಸಾಕು."

ರಜೆಗೆ ಕಾರಣ ಎಂಬಲ್ಲಿ 'ಕಾಮಾಲೆ' ಎಂದಿತ್ತು.

"ನನಗೆ ಕಾಮಾಲೆ ಆಗಿರಲಿಲ್ಲ ಸಾರ್. ಖಿನ್ನತೆ ಆಗಿತ್ತು. ಡಾಕ್ಟರ ಪತ್ರ ಕೊಟ್ಟಿದ್ದೆನಲ್ಲ?"

"ಅದು ನಮ್ಮಿಬ್ಬರಿಗೆ ಗೊತ್ತಿದ್ದರೆ ಸಾಲದಾ? ಊರಿಗೆಲ್ಲ ಡಂಗುರ ಸಾರಬೇಕಾ? ನಾನು ಹೇಳ್ತಿರೋದು ನಿಮ್ಮ ಮರ್ಯಾದೆಗೋಸ್ಕರ."

"ಕಣ್ಣು ಹಳದಿಯಾದರೆ ಮರ್ಯಾದೆ, ಮನಸ್ಸು ಕುಗ್ಗಿದರೆ ಅವಮಾನವಾ ಸಾರ್?"

ಅವಳು 'ಕಾಮಾಲೆ'ಯ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ದುಂಡಗೆ 'ಖಿನ್ನತೆ' ಎಂದು ಬರೆದು ಸಹಿ ಹಾಕಿದಳು. ಫಾರಂ ಅವರತ್ತ ತಳ್ಳಿದಳು.

ಆ ಕಾಯಿಲೆ ಸದ್ದಿಲ್ಲದೆ ಬಂದಿತ್ತು. ಮೊದಲು ನಿದ್ದೆ ಹೋಯಿತು, ಆಮೇಲೆ ನಗು. ಕೊನೆಗೊಂದು ಬೆಳಿಗ್ಗೆ ಬಾಚಣಿಗೆ ಎತ್ತಲೂ ಕೈ ಬರಲಿಲ್ಲ. ಅಮ್ಮ ಸೋಮಾರಿತನ ಅಂದರು, ದೃಷ್ಟಿ ಅಂದರು, ಮಗಳ ಬಾಗಿಲ ಹೊರಗೆ ಕೂತು ಅತ್ತರು. ಪ್ರೆಸ್ಸಿನವರು ಬೇಗ ಗುಣವಾಗಿ ಅಂತ ಮೆಸೇಜು ಕಳಿಸಿದರು. ಮನೆಗೆ ಬಂದವನು ಕರಡು ತಿದ್ದುವವನು ಒಬ್ಬನೇ.

ಅವನಿಗೆ ಅಲ್ಪವಿರಾಮ ಎಂದು ಅಡ್ಡಹೆಸರು. ಎರಡು ಪದಕ್ಕೊಮ್ಮೆ ನಿಂತು ಯೋಚಿಸಿ ಮಾತಾಡುವ ಆಸಾಮಿ. ಎರಡು ವರ್ಷದಿಂದ ಇಬ್ಬರೂ ಗೋದಾಮಿನ ಮೆಟ್ಟಿಲ ಮೇಲೆ ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದರು. ಅದಕ್ಕೇನು ಹೆಸರು ಅಂತ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಆ ದಿನ ಅವನು ಅವಳೆದುರು ಕೂತು, "ನಿದ್ದೆ... ಬರುತ್ತಾ?" ಎಂದಷ್ಟೇ ಕೇಳಿದ. ಅವಳಿಗೆ ಅಳು ಒತ್ತರಿಸಿ ಬಂತು. ಮಾರನೇ ದಿನವೇ ಅಮ್ಮನ ಜೊತೆ ಡಾಕ್ಟರ ಹತ್ತಿರ ಹೋದಳು. ಮಾತ್ರೆ, ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಐದನೇ ವಾರ, ಗೋಡೆಯ ಕ್ಯಾಲೆಂಡರಿನ ಅಂಚು ಓರೆಯಾಗಿ ಕತ್ತರಿಸಿದ್ದಾರೆಂದು ಮೈ ಉರಿಯಿತು. ತಾನು ಮರಳಿ ಬರುತ್ತಿದ್ದೇನೆಂದು ಅವಳಿಗೆ ಆಗ ಗೊತ್ತಾಯಿತು.

ಈಗ ಮ್ಯಾನೇಜರು ಫಾರಂ ತಿರುಗಿಸಿ ನೋಡಿ ನಿಟ್ಟುಸಿರುಬಿಟ್ಟರು. "ಆಯ್ತು. ಆದರೆ ಯಂತ್ರ ಬೇಡ. ಪ್ಯಾಕಿಂಗಿನಲ್ಲಿರಿ. ಅಲಗಿನ ಹತ್ತಿರ ಸದ್ಯಕ್ಕೆ ಬಿಡಬೇಡಿ ಅಂತ ನಿಮ್ಮವರೇ ಕೇಳಿಕೊಂಡರು."

"ನನ್ನವರು ಅಂದರೆ?"

ಮ್ಯಾನೇಜರ ಕಣ್ಣು ಗಾಜಿನಾಚೆಯ ಕರಡು ಕೋಣೆಯತ್ತ ಹೋಯಿತು.

ಅವಳು ನೇರ ಅಲ್ಲಿಗೇ ಹೋದಳು. ಅವನು ಪೆನ್ನು ಕೆಳಗಿಟ್ಟ.

"ನೀವೇ ಹೇಳಿದಿರಾ?"

"ಹೌದು... ಭಯವಾಯ್ತು. ನಮ್ಮಣ್ಣನಿಗೂ ಹೀಗೇ ಆಗಿತ್ತು. ಮನೆಯವರೆಲ್ಲ ಸೇರಿ ತಲೆನೋವು ಅಂದೆವು. ವರ್ಷಗಟ್ಟಲೆ ಮುಚ್ಚಿಟ್ಟೆವು. ಅವನು ಮನೆ ಬಿಟ್ಟು ಹೋದ, ಫೋನೂ ಎತ್ತಲ್ಲ. ಈ ಸಲ... ಏನಾದರೂ ಮಾಡಲೇಬೇಕು ಅನ್ನಿಸ್ತು."

"ಮಾಡಿ. ಆದರೆ ನನ್ನನ್ನು ಕೇಳಿ ಮಾಡಿ. ನಿಮ್ಮಣ್ಣನ ಭಯ ತಂದು ನನ್ನ ತಲೆಗೆ ಕಟ್ಟಬೇಡಿ. ಡಾಕ್ಟರಿಗೆ ಯಂತ್ರದ ವಿಷಯ ಬಿಡಿಸಿ ಹೇಳಿದ್ದೀನಿ. ಎರಡೂ ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಿದರೇನೇ ಅಲಗು ಇಳಿಯೋದು ಅಂತಾನೂ. ಈ ಕೆಲಸ ಮಾಡಬಹುದು ಅಂತ ಅವರೇ ಬರೆದುಕೊಟ್ಟಿದ್ದಾರೆ. ಅವರಿಗಿಂತ ನಿಮಗೆ ಹೆಚ್ಚು ಗೊತ್ತಾ?"

ಆ ಮಧ್ಯಾಹ್ನ ಅವಳು ಮೆಟ್ಟಿಲಿಗೆ ಹೋಗಲಿಲ್ಲ.

ಪ್ಯಾಕಿಂಗ್ ಮೇಜಿಗೂ ಹೋಗಲಿಲ್ಲ. ಮಾರನೇ ದಿನ ಏಪ್ರನ್ ಕಟ್ಟಿಕೊಂಡು ಯಂತ್ರದ ಪಕ್ಕ ನಿಂತಳು. ಮ್ಯಾನೇಜರು ಗದರಿದಾಗ ಅವಳು, "ಯಾವ ಕಾರಣಕ್ಕೆ ಕೆಲಸ ಬದಲಾಯಿಸಿದ್ದೀರಿ ಅಂತ ಕಾಗದದಲ್ಲಿ ಬರೆದುಕೊಡಿ ಸಾರ್. ಈ ಕ್ಷಣ ಹೋಗ್ತೀನಿ" ಎಂದಳು. ಅವರು ಬರೆಯಲಿಲ್ಲ. ಎರಡನೇ ದಿನವೂ ಅದೇ ಕತೆ. ಕಾಲು ನೋಯುತ್ತಿತ್ತು. ಬೆನ್ನ ಹಿಂದೆ ಪಿಸುಮಾತು. ಮನೆಗೆ ಹೋಗಿ ಮುಸುಕೆಳೆದು ಮಲಗಿಬಿಡಲೇ ಅಂತ ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅಮ್ಮನಿಗೆ ಫೋನ್ ಮಾಡಿ ಹೇಳಿದಳು. ಅಮ್ಮ, "ನಿಂತುಕೋ ಮಗಳೇ. ಸುಸ್ತಾದರೆ ಕೂತುಕೋ. ಜಾಗ ಮಾತ್ರ ಬಿಡಬೇಡ" ಎಂದರು.

ಮೂರನೇ ದಿನ ಮ್ಯಾನೇಜರ ದನಿ ಏರಿತು. "ತಲೆ ಸರಿಯಿಲ್ಲದವರ ಕೈಗೆ ಯಂತ್ರ ಕೊಟ್ಟು ನಾಳೆ ಏನಾದರೂ ಆದರೆ ಯಾರು ಹೊಣೆ?"

ಹಾಲ್‌ನ ಮೂಲೆಯಲ್ಲಿ ಪುಸ್ತಕ ಹೊಲಿಯುತ್ತಿದ್ದ, ಎಲ್ಲರೂ ದೊಡ್ಡಮ್ಮ ಅನ್ನುವ ಹೆಂಗಸು ಎದ್ದು ನಿಂತರು. ಇಡೀ ಪ್ರೆಸ್ಸಿಗೇ ಹಿರಿಯರು, ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿದವರಲ್ಲ.

"ಏಳು ವರ್ಷದಿಂದ ನಾನೂ ಮಾತ್ರೆ ನುಂಗ್ತಿದೀನಿ ಸಾರ್. ಕಾರಣವಿಲ್ಲದೆ ಎದೆ ಡವಡವ ಅನ್ನುತ್ತೆ. ಬಿ.ಪಿ. ಮಾತ್ರೆ ಅಂತ ಎಲ್ಲರಿಗೂ ಸುಳ್ಳು ಹೇಳ್ಕೊಂಡು ಬಂದೆ. ನನ್ನ ಸೂಜೀನೂ ಕಿತ್ಕೊಳ್ತೀರಾ?"

ಆಗ ಕರಡು ಕೋಣೆಯ ಬಾಗಿಲು ತೆರೆದು ಅಲ್ಪವಿರಾಮ ಹೊರಗೆ ಬಂದ. ಕಿವಿ ಕೆಂಪಾಗಿತ್ತು. "ಇವರನ್ನು ಯಂತ್ರದಿಂದ ತೆಗೀರಿ ಅಂದವನು ನಾನು. ತಪ್ಪಾಯ್ತು. ಆ ಮಾತು ಹೇಳೋಕೆ ನನಗೆ ಹಕ್ಕಿರಲಿಲ್ಲ." ಎಲ್ಲರೆದುರು ಅಂದ, ಒಮ್ಮೆಯೂ ತಲೆ ತಗ್ಗಿಸದೆ.

ಮ್ಯಾನೇಜರು ಡಾಕ್ಟರ ಪತ್ರವನ್ನು ಮತ್ತೆ ತರಿಸಿ ಓದಿದರು. ಈ ಸಲ ಪೂರ್ತಿ. ಊಟದ ಹೊತ್ತಿಗೆ ಯಂತ್ರ ಅವಳ ಕೈಗೆ ಬಂತು. ಅವರು ಕ್ಷಮೆ ಕೇಳಲಿಲ್ಲ. ಅವಳು ಕಾಯಲೂ ಇಲ್ಲ.

ಎಲ್ಲ ಸುಸೂತ್ರವಾಯಿತು ಅನ್ನುವಂತಿಲ್ಲ. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮತ್ತೆ ಮೈಮನಸ್ಸು ಭಾರವಾಯಿತು. ಅವಳೇ ಹೋಗಿ, "ಇವತ್ತು ನಾನು ಯಂತ್ರ ಮುಟ್ಟಲ್ಲ ಸಾರ್" ಎಂದಳು. ಮ್ಯಾನೇಜರು ಆಗಲಿ ಎಂದು ತಲೆಯಾಡಿಸಿದರು.

ಆ ಮಧ್ಯಾಹ್ನ ಅವಳು ಮೆಟ್ಟಿಲಿಗೆ ಹೋದಳು. ಅವನು ಸರಿದು ಜಾಗ ಕೊಟ್ಟ.

"ನಾನೇನು ಮಾಡಲಿ?" ಎಂದ.

"ಏನೂ ಬೇಡ. ಕೂತಿರಿ."

ಕೂತ. ಬುತ್ತಿ ಮುಗಿಯಿತು. ಅವಳೇ ಮಾತೆತ್ತಿದಳು. "ಭಾನುವಾರ ಮನೆಗೆ ಬನ್ನಿ. ನಮ್ಮ ವಿಷಯ ಅಮ್ಮನಿಗೆ ಹೇಳ್ತೀನಿ. ಆದರೆ ಪೂರ್ತಿ ಗುಣವಾಗಲಿ, ಆಮೇಲೆ ನೋಡೋಣ ಅನ್ನೋದಾದರೆ ಬರಲೇಬೇಡಿ."

"ಬರ್ತೀನಿ." ಅವನು ಡಬ್ಬಿಯ ಮುಚ್ಚಳ ಹಾಕಿದ. "ನಮ್ಮಮ್ಮನಿಗೂ ಹೇಳಬೇಕು. ನಿಮ್ಮ ಕಾಯಿಲೆ ವಿಷಯ ಹೇಳಲಾ, ಬೇಡವಾ? ನೀವು ಹೂಂ ಅನ್ನದೆ ಹೇಳಲ್ಲ."

ಅವಳು ಅವನನ್ನೇ ನೋಡಿದಳು. ಇಡೀ ದಿನದಲ್ಲಿ ಮೊದಲ ಸಲ ಮುಖ ಸಡಿಲವಾಯಿತು.

"ನಾನೂ ಬರ್ತೀನಿ. ಅವರೆದುರು ಕೂತು ನಾನೇ ಹೇಳ್ತೀನಿ" ಎಂದು ಎದ್ದು, ಸೀರೆಯ ಧೂಳು ಕೊಡವಿಕೊಂಡಳು.