ಮುಚ್ಚದೆ ಬಿಟ್ಟ ಡಿಸ್ಕು

ಮೂರನೆಯ ಡ್ರೈವ್ ಕೂಡ ಒಂದಷ್ಟು ಹೊತ್ತು ಗೊರಗೊರ ಸದ್ದು ಮಾಡಿ ಡಿಸ್ಕನ್ನು ಹೊರಗೆ ಚಾಚಿತು. ಕಂಪ್ಯೂಟರ್ ರಿಪೇರಿ ಅಂಗಡಿಯ ಎಲ್ಮರ್ ಅದರ ಅಂಚು ಹಿಡಿದು ಎತ್ತಿ ಅಂಗಿಯ ತುದಿಯಿಂದ ಮತ್ತೊಮ್ಮೆ ಒರೆಸಿದ. ಒರೆಸಲು ಧೂಳೇ ಇರಲಿಲ್ಲ. ಏಳೂ ಡಿಸ್ಕುಗಳನ್ನು ನೆಮೆಸಿಯಾ ಬಿಸ್ಕತ್ತಿನ ಡಬ್ಬಿಯಲ್ಲಿ, ತೇವ ತಾಗದಿರಲೆಂದು ಅಕ್ಕಿಯ ಗಂಟಿನ ಜೊತೆಗೆ ಇಟ್ಟಿದ್ದಳು.

"ಖಾಲಿ ಅಂತ ತೋರಿಸ್ತಿದೆ ಅಕ್ಕಾ."

"ಖಾಲಿ ಹೆಂಗಾಗುತ್ತೆ? ತಿರುಗಿಸಿ ನೋಡು, ಬರೆದಿರೋ ಕಡೆ ಬಣ್ಣ ಬೇರೆ ಇಲ್ವಾ?"

ಬಣ್ಣ ಬೇರೆಯೇ ಇತ್ತು. ನಡುವಿನಿಂದ ಒಂದು ಬೆರಳಗಲ ಕಡುನೇರಳೆ, ಆಮೇಲೆ ತಿಳಿ.

ನಮ್ಮ ಸಾಮಾರ್ ದ್ವೀಪದ ಆ ಕರಾವಳಿಯಲ್ಲಿ ನೆಮೆಸಿಯಾಳನ್ನು ಅರಿಯದವರಿಲ್ಲ. ಚರ್ಚಿನ ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಗುಮಾಸ್ತೆ. ಯಾರ ಜ್ಞಾನಸ್ನಾನದಲ್ಲಿ ಮಗು ಪಾದ್ರಿಯ ಮೀಸೆ ಎಳೆಯಿತು, ಯಾರ ಮದುವೆಗೆ ವರ ತಡವಾಗಿ ಬಂದ ಎಂಬುದೆಲ್ಲ ಬಾಯಿಪಾಠ. ಹಳೆಯ ದಾಖಲೆ ಪುಸ್ತಕಗಳನ್ನು ನಾಲ್ಕು ವರ್ಷ ಕೂತು ಕಂಪ್ಯೂಟರಿಗೆ ಹಾಕಿ ಡಿಸ್ಕುಗಳಿಗೆ ಇಳಿಸಿದವಳು ಅವಳೇ. ಹೋದ ವರ್ಷದ ಬಿರುಗಾಳಿಯಲ್ಲಿ ಪುಸ್ತಕಗಳೂ ಕಂಪ್ಯೂಟರೂ ಒಟ್ಟಿಗೆ ಸಮುದ್ರ ಸೇರಿದಾಗ ಊರೆಲ್ಲ ಅತ್ತಿತ್ತು. ನೆಮೆಸಿಯಾ ಅಳಲಿಲ್ಲ. ಗುಡ್ಡದ ಮೇಲಿನ ಅವಳ ಮನೆಯಲ್ಲಿ ಡಬ್ಬಿ ಇತ್ತಲ್ಲ.

ಪಕ್ಕದ ಸ್ಟೂಲಿನಲ್ಲಿ ಒಣಮೀನು ಮಾರುವ ಪಾಸಿತಾ ಕೂತಿದ್ದಳು. ಆರು ದಿನದ ಹಿಂದೆ ಅವಳ ಮಗಳು ಜೊವೆಲಿನ್ ಚಿಕ್ಕಪ್ಪನ ಮನೆಯಲ್ಲಿ ಮಲಗಿದ್ದಾಗ ಪೊಲೀಸರು ನುಗ್ಗಿದ್ದರು. ಅಲ್ಲೊಂದು ಮಾದಕ ಪುಡಿಯ ಪೊಟ್ಟಣ ಸಿಕ್ಕಿತು, ಎಲ್ಲರನ್ನೂ ಎಳೆದುಕೊಂಡು ಹೋದರು. ಹುಡುಗಿಗೆ ಹದಿನಾರು. ಎತ್ತರದ ಮೈ, ಪೊಲೀಸರು ಹತ್ತೊಂಬತ್ತೆಂದು ಬರೆದರು, ಹಲ್ಲು ನೋಡಿದ ಡಾಕ್ಟರು ಹದಿನೆಂಟು ದಾಟಿರಬಹುದೆಂದರು. ಮನೆಯಲ್ಲೇ ಹುಟ್ಟಿದ ಮಗು, ಸರ್ಕಾರದ ಜನನ ಪುಸ್ತಕದಲ್ಲಿ ಹೆಸರಿರಲಿಲ್ಲ. ಶಾಲೆಯ ಕಾಗದಗಳನ್ನೂ ಅದೇ ನೀರು ಒಯ್ದಿತ್ತು. ಇಂದು ನಾಲ್ಕು ಗಂಟೆಯೊಳಗೆ ಜ್ಞಾನಸ್ನಾನದ ಪತ್ರ ಕೋರ್ಟಿಗೆ ಕೊಟ್ಟರೆ ಮಕ್ಕಳ ಆಶ್ರಮ, ಇಲ್ಲದಿದ್ದರೆ ದೊಡ್ಡ ಹೆಂಗಸರ ಜೈಲು ಎಂದು ವಕೀಲರು ಹೇಳಿದ್ದರು.

"ಇದು ಪ್ಲಸ್ಸೋ ಮೈನಸ್ಸೋ ಏನೋ ಅಂತೀರಲ್ಲಪ್ಪ, ಅದೇನಾದ್ರೂ ತಪ್ಪಿದೆಯಾ?" ನೆಮೆಸಿಯಾ ಕೇಳಿದಳು.

ಎಲ್ಮರ್ ಇಲ್ಲವೆಂದು ತಲೆಯಾಡಿಸಿದ. ಪ್ಲಸ್, ಮೈನಸ್ ಎರಡೂ ಜಾತಿಯ ಡಿಸ್ಕನ್ನು ತನ್ನ ಡ್ರೈವ್ ಓದುತ್ತದೆ, ತೊಂದರೆ ಅದಲ್ಲ ಎಂದ. ಬರೆದು ಮುಗಿಸಿದಾಗ ಡಿಸ್ಕನ್ನು ಮುಚ್ಚಲೇ ಎಂದು ಕಂಪ್ಯೂಟರು ಕೇಳಿರಬೇಕಲ್ಲ, ಏನು ಒತ್ತಿದಿರಿ ಎಂದು ಕೇಳಿದ.

"ಬೇಡ ಅಂತ ಒತ್ತಿದೆ. ಜಾಗ ಉಳಿದಾಗೆಲ್ಲ."

ಕೇಳಿದ್ದು ಹೌದು. ಮುಚ್ಚಿದ ಮೇಲೆ ಇದಕ್ಕೆ ಇನ್ನೇನೂ ಸೇರಿಸಲಾಗದು ಎಂದೂ ಎಚ್ಚರಿಸುತ್ತಿತ್ತು. ಚರ್ಚಿನ ಪಾದ್ರಿ ಫಾದರ್ ಸೆವೆರೊ ಉರಿದುಳಿದ ಮೇಣದ ತುಂಡುಗಳನ್ನು ಕರಗಿಸಿ ಮತ್ತೆ ಬತ್ತಿ ಮಾಡಿಸುತ್ತಿದ್ದವರು. ಅರ್ಧ ಖಾಲಿ ಇರುವುದನ್ನು ಯಾಕೆ ಮುಚ್ಚುತ್ತೀಯಮ್ಮ, ಮುಂದಿನ ವರ್ಷದ ಮಕ್ಕಳು ಎಲ್ಲಿ ಹೋಗಬೇಕು ಎಂದು ನಕ್ಕಿದ್ದರು. ಅವಳಿಗೂ ಅದೇ ಸರಿ ಕಂಡಿತ್ತು. ಬರೆದಾದ ಮೇಲೆ ತೆರೆದು ಪರೀಕ್ಷಿಸುತ್ತಿದ್ದಳು. ಅದೇ ಕಂಪ್ಯೂಟರಿನಲ್ಲಿ.

"ಮುಚ್ಚದೇ ಇದ್ರೆ ಒಳಗೇನಿದೆ ಅಂತ ಬರೆದ ಮೆಷಿನ್ನಿಗಷ್ಟೇ ಗೊತ್ತಿರುತ್ತೆ ಅಕ್ಕಾ, ಎಷ್ಟೋ ಸಲ. ಮನಿಲಾದಲ್ಲಿ ಯಾರಾದ್ರೂ ಹೊರಗೆ ತೆಗೆದಾರು. ಒಂದು ತಿಂಗಳು ಬೇಕು."

ಆರು ಡಿಸ್ಕುಗಳೂ ಖಾಲಿ ಎಂದೇ ತೋರಿಸಿದವು, ಏಳನೆಯದು ತೆರೆದುಕೊಂಡಿತು. ಅದೊಂದು ಪೂರ್ತಿ ತುಂಬಿತ್ತು, ಹಾಗಾಗಿ ಮುಚ್ಚಿದ್ದಳು. ಪರದೆಯ ಮೇಲೆ ಹೆಸರುಗಳು ಸಾಲಾಗಿ ಇಳಿದವು. ಪಾಸಿತಾ ಎದ್ದು ಬಂದು ಗಾಜಿಗೆ ಮುಖ ಹಚ್ಚಿದಳು. ತನ್ನ ಅಪ್ಪನ ಹೆಸರು ಕಂಡಿತು, ಅಜ್ಜಿಯದೂ ಕಂಡಿತು. "ಇಲ್ಲೇ ಇದೀವಲ್ಲಕ್ಕಾ ನಾವು," ಎಂದಳು.

ಅದು ಮಣ್ಣು ಮಾಡಿದವರ ಪಟ್ಟಿ.

ಜೀಪ್ನಿಯಲ್ಲಿ ಕೋರ್ಟಿಗೆ ಹೋಗುವಾಗ ಪಾಸಿತಾ ಅಚ್ಚಾದ ಖಾಲಿ ಪತ್ರವನ್ನು ನೆಮೆಸಿಯಾಳ ತೊಡೆಯ ಮೇಲಿಟ್ಟಳು. ಪತ್ರದಲ್ಲಿ ಪುಸ್ತಕದ ಸಂಖ್ಯೆ, ಪುಟದ ಸಂಖ್ಯೆಗೆ ಎರಡು ಗೆರೆಗಳಿದ್ದವು.

"ಯಾವುದೋ ಒಂದು ನಂಬರು ಹಾಕಕ್ಕಾ. ಪುಸ್ತಕ ಸಮುದ್ರದ ತಳದಲ್ಲಿದೆ. ಮೀನು ಎದ್ದು ಬಂದು ಸಾಕ್ಷಿ ಹೇಳುತ್ತಾ?"

ಮೂವತ್ತೊಂದು ವರ್ಷದಲ್ಲಿ ನೆಮೆಸಿಯಾ ಪುಸ್ತಕದಲ್ಲಿಲ್ಲದ ಅಕ್ಷರ ಬರೆದವಳಲ್ಲ. ಮಗುವಿನ ನೆತ್ತಿಗೆ ನೀರು ಬಿದ್ದಾಗ ಹಿಡಿದಿದ್ದ ಬಿಳಿ ಬಟ್ಟೆ ಅವಳಿಗೆ ನೆನಪಿತ್ತು, ಅದು ಮೇ ತಿಂಗಳೆಂಬುದೂ ನೆನಪಿತ್ತು. ಪುಟ ಮಾತ್ರ ನೆನಪಿಲ್ಲ. ಜೀಪ್ನಿ ನಿಂತಲ್ಲಿ ಪೆನ್ನು ತೆರೆದು ಹನ್ನೊಂದು ಎಂದು ಬರೆದಳು, ಇನ್ನೂರ ಮೂವತ್ತೆಂಟು ಎಂದು ಬರೆದಳು, ಚರ್ಚಿನ ಮುದ್ರೆ ಒತ್ತಿದಳು.

ಕೋರ್ಟಿನ ಗುಮಾಸ್ತರು ಒಳ್ಳೆಯವರು. ಇಬ್ಬರಿಗೂ ಕುರ್ಚಿ ಕೊಟ್ಟು ಕೂರಿಸಿದರು. ಪತ್ರ ಓದಿ, ಕಡತದಿಂದ ಒಂದು ಕಾಗದ ಹುಡುಕಿ ತೆಗೆದು ಅದರ ಪಕ್ಕದಲ್ಲಿಟ್ಟರು. ಬಿರುಗಾಳಿಯ ನಂತರ ದಲ್ಲಾಳಿಗಳು ಸುಳ್ಳು ಪತ್ರ ಮಾರತೊಡಗಿದಾಗ ಚರ್ಚು ಎಲ್ಲ ಕಚೇರಿಗಳಿಗೂ ಕಳಿಸಿದ ಪತ್ರ ಅದು. ಪುಸ್ತಕಗಳು ನಾಶವಾಗಿವೆ, ಡಿಸ್ಕಿನಿಂದ ಅಚ್ಚು ಹಾಕಿದ ಪ್ರತಿಯನ್ನು ಜೊತೆಗಿರಿಸಿದ ಪತ್ರ ಮಾತ್ರ ನಂಬತಕ್ಕದ್ದು. ಕೆಳಗೆ ಫಾದರ್ ಸೆವೆರೊ ಅವರ ಸಹಿ. ಅದರ ಕೆಳಗೆ ಬೆರಳಚ್ಚು ಮಾಡಿದವರ ಹೆಸರು ನೆಮೆಸಿಯಾ ಎಂದಿತ್ತು. ಅದು ಅವಳಿಗೆ ನೆನಪಾದದ್ದು ಆಗಲೇ.

"ಅಚ್ಚಿನ ಪ್ರತಿ ತಂದಿದೀರಾ ತಾಯಿ?" ಗುಮಾಸ್ತರು ಮೆಲ್ಲಗೆ ಕೇಳಿದರು.

ಮರುದಿನ ಬೆಳಗ್ಗೆ ಪೊಲೀಸ್ ಠಾಣೆಯ ಕಂಬಿಗಳಾಚೆ ಜೊವೆಲಿನ್ ನಿಂತಿದ್ದಳು. ಹೆಂಗಸರ ಜೈಲಿಗೆ ಒಯ್ಯುವ ವ್ಯಾನು ಹೊರಗೆ ಕಾದಿತ್ತು. ಕೈದಿಗಳಿಗೆ ಕೊಡುವ ಹಳದಿ ಅಂಗಿ ಕೊಟ್ಟಿದ್ದರು; ಇರುವುದು ಅದೊಂದೇ ಅಳತೆ, ದೊಡ್ಡವರದು. ನೆಮೆಸಿಯಾ ಬಾಗಿಲ ಬಳಿಯೇ ನಿಂತಳು, ಒಳಗೆ ಬರಲಿಲ್ಲ. ಪಾಸಿತಾ ಕಂಬಿಗಳ ನಡುವೆ ಎರಡೂ ಕೈ ತೂರಿಸಿ ಮಗಳ ಅಂಗಿಯ ತೋಳನ್ನು ಮೇಲಕ್ಕೆ ಮಡಚತೊಡಗಿದಳು. ಒಂದು ಮಡಿಕೆ ಹಾಕಿದಳು, ಎರಡು ಹಾಕಿದಳು. ಮೊಣಕೈ ಇನ್ನೂ ಕಾಣಿಸಿರಲಿಲ್ಲ.