ಎಂಟನೆಯ ಮಡಿಕೆ

"ಆ ಮೂಲೆ ಎಳಿ ಪುಟ್ಟಿ. ಇನ್ನೂ ಸ್ವಲ್ಪ. ಸುಕ್ಕು ಕಂಡ್ರೆ ನಿಮ್ಮಮ್ಮ ಎದ್ದು ಕೂತು ಬೈತಾಳೆ."

ಪುಟ್ಟಿ ಎಳೆದಳು. ಬಿಳಿ ಬೆಡ್‌ಶೀಟು ಅಮ್ಮನ ಕಾಲುಗಳ ಮೇಲೆ ಒಮ್ಮೆ ಉಬ್ಬಿ, ಉಸಿರು ಬಿಟ್ಟ ಹಾಗೆ ಮೆಲ್ಲನೆ ತಗ್ಗಿತು. ಮಂಚದ ಆಚೆ ನಿಂತಿದ್ದ ಇಸ್ತ್ರಿ ಅತ್ತೆ ಅಂಗೈಯಿಂದ ಅಂಚು ಸವರಿದಳು. ಅವಳು ಸ್ವಂತ ಅತ್ತೆಯಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಅಮ್ಮನ ಎದುರು ನಿಂತು, ಪ್ರತಿ ಶೀಟಿನ ಇನ್ನೆರಡು ಮೂಲೆ ಹಿಡಿದವಳು. ರೆಪ್ಪೆಗೆ ಕಣ್ಣು ಗೊತ್ತಿರುವಷ್ಟು ಅವಳಿಗೆ ಅಮ್ಮನ ಕೈ ಗೊತ್ತಿತ್ತು.

"ಜೋಪಾನ," ಎಂದರು ಹಿಂದೆ ನಿಂತಿದ್ದ ಹೆಬ್ಬೆರಳಪ್ಪ. "ಶೀಟು ಲಾಂಡ್ರಿದು. ಸಂಜೆಯೊಳಗೆ ವಾಪಸ್ ತರ್ತೀನಿ ಅಂತ ಮಾತು ಕೊಟ್ಟು ತಂದಿದ್ದೀನಿ."

ಆತ ಲಾಂಡ್ರಿಯ ಹಳೆಯ ಸೂಪರ್‌ವೈಸರು. ಮಡಿಸಿದ ಶೀಟಿನ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಕೂದಲೆಳೆಯಷ್ಟು ಆಚೀಚೆ ಆಗಿದ್ದರೂ ಹಿಂದಕ್ಕೆ ಎಸೆಯುತ್ತಿದ್ದರಿಂದ ಆ ಹೆಸರು. ನಿವೃತ್ತರಾಗಿ ಹತ್ತು ವರ್ಷವಾದರೂ ಹೆಬ್ಬೆರಳಿಗೆ ನಿವೃತ್ತಿ ಸಿಕ್ಕಿರಲಿಲ್ಲ. ಮದುವೆಮನೆಯ ಮೇಜುಬಟ್ಟೆಯನ್ನೂ ಬಿಡುತ್ತಿರಲಿಲ್ಲ.

"ಇವತ್ತಾದ್ರೂ ಸುಮ್ನಿರಿ ಮಾರಾಯ್ರೇ," ಎಂದಳು ಇಸ್ತ್ರಿ ಅತ್ತೆ. ಆಮೇಲೆ ಸೊಂಟದ ಚೀಲದಿಂದ ಒಂದು ಲಾಂಡ್ರಿ ಚೀಟಿ ತೆಗೆದು ಪುಟ್ಟಿಯ ಕೈಗಿಟ್ಟಳು. "ಎರಡು ವರ್ಷದಿಂದ ನನ್ನ ಹತ್ರ ಇತ್ತು. ಹೋದ ಮೇಲೆ ಕೊಡು ಅಂದಿದ್ಲು."

ಚೀಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಅಮ್ಮನ ದುಂಡು ಅಕ್ಷರ: "ಗಾಡಿ ಬರೋ ಮೊದಲು ಎಲ್ರೂ ಸೇರಿ ಎಂಟೂ ಮಾಡಿ. ಮುಂದೆ ಪುಟ್ಟಿ ನಿಲ್ಲಲಿ. ಅಳೋರು ಅಳ್ತಾನೇ ಮಾಡಬಹುದು, ಉಸಿರು ಮಾತ್ರ ತಪ್ಪಿಸಬೇಡಿ."

ಪುಟ್ಟಿ ತಲೆ ಎತ್ತಿ ನೋಡಿದಳು. ವಠಾರದವರು ಬಟ್ಟೆ ಒಣಹಾಕುವ ಅಂಗಳದಲ್ಲಿ ತಂತಿಗಳೆಲ್ಲ ಇವತ್ತು ಖಾಲಿ. ಅವುಗಳ ಕೆಳಗೆ ಬಾಡಿಗೆಗೆ ತಂದ ಮಡಚುಕುರ್ಚಿಗಳು, ಐದು ಸಾಲು. ಅಜ್ಜಿಕತೆಯ ರಾಕ್ಷಸನ ಜೀವ ಏಳು ಸಮುದ್ರದಾಚೆ ಒಂದು ಗಿಣಿಯೊಳಗೆ ಇರುತ್ತದಲ್ಲ, ಹಾಗೆ ಪುಟ್ಟಿಯ ಹೆದರಿಕೆಯ ಜೀವ ಇದ್ದದ್ದು ಸಾಲು ಕುರ್ಚಿಗಳಲ್ಲಿ. ಅವುಗಳ ಮೇಲೆ ಜನ ಕೂತು ತನ್ನತ್ತ ಮುಖ ಮಾಡಿದರೆ ಸಾಕು, ಅದು ಕಣ್ಣು ಬಿಡುತ್ತಿತ್ತು.

ಅಣ್ಣ ಚೀಟಿ ಕಿತ್ತುಕೊಂಡು ಓದಿದ. ಲಿಫ್ಟ್ ರಿಪೇರಿ ಮಾಡುವವನು, ಕೈಯಲ್ಲಿ ಗ್ರೀಸಿನ ಕಲೆ ಹೋಗದವನು.

"ಆಗಲ್ಲ ಅತ್ತೆ. ಹೆಣದ ಮುಂದೆ ಕೈಕಾಲು ಬೀಸ್ತಾ ನಿಂತ್ರೆ ಜನ ಏನಂತಾರೆ?"

"ಜನಾನೇ ಕಣೋ ಬೀಸೋದು! ಬಂದಿರೋರಲ್ಲಿ ಮುಕ್ಕಾಲು ಪಾಲು ನಿಮ್ಮಮ್ಮನ ಜೊತೆ ದಿನಾ ಬೆಳಿಗ್ಗೆ ಇಲ್ಲೇ ಬೀಸಿದೋರು."

"ಹಾಗಾದ್ರೆ ನೀವೇ ಮುಂದೆ ನಿಲ್ಲಿ. ಇವಳು ಬೇಡ." ಅವನ ದನಿ ಒಮ್ಮೆಲೇ ತಗ್ಗಿತು. "ಆವತ್ತು ಸ್ಟೇಜಿಂದ ಎತ್ಕೊಂಡು ಬಂದೋನು ನಾನು. ಇನ್ನೊಂದ್ಸಲ ನನ್ನ ಕೈಲಿ ನೋಡೋಕಾಗಲ್ಲ."

ಪುಟ್ಟಿ ಚೀಟಿಯನ್ನು ವಾಪಸ್ ತೆಗೆದುಕೊಂಡು ನಾಲ್ಕಾಗಿ ಮಡಿಸಿದಳು.

*

ಇಪ್ಪತ್ತೈದು ವರ್ಷದ ಕೆಳಗೆ ಅಮ್ಮನ ಕೈಗೂ ನಡುಕ ಬಂದಿತ್ತು.

ಅಪ್ಪ ಹೋದ ಮರುವರ್ಷ ಅದು. ಉಗಿ ತುಂಬಿದ ಕೋಣೆಯಲ್ಲಿ ನಿಂತಾಗ ಇದ್ದಕ್ಕಿದ್ದಂತೆ ಎದೆ ಡವಗುಟ್ಟುತ್ತಿತ್ತು, ಗೋಡೆಗಳು ಹೆಜ್ಜೆ ಇಟ್ಟು ಹತ್ತಿರ ಬಂದಂತಾಗುತ್ತಿತ್ತು. ಹಿಡಿದ ಮೂಲೆ ಬೆರಳಿಂದ ಜಾರುತ್ತಿತ್ತು. ಒಂದೇ ದಿನ ಹೆಬ್ಬೆರಳಪ್ಪ ಇಪ್ಪತ್ತು ಶೀಟು ಹಿಂದಕ್ಕೆ ಎಸೆದರು. ಡಾಕ್ಟರು ಮಾತ್ರೆ ಕೊಟ್ಟರು, ಅಮ್ಮ ನುಂಗಿದಳು. ಆದರೂ ಕೈಗೆ ಏನಾದರೂ ಕೆಲಸ ಬೇಕಿತ್ತು.

ಅದು ಸಿಕ್ಕಿದ್ದು ಒಗೆಯುವ ಮೆಷಿನ್ನಿನ ಹೊಟ್ಟೆಯಲ್ಲಿ. ಯಾರೋ ರೋಗಿಯ ನಿಲುವಂಗಿಯ ಜೇಬಿನಲ್ಲಿ ಮರೆತುಹೋದ ಪುಟ್ಟ ಪುಸ್ತಕ, ಸೋಪುನೀರಿನಲ್ಲಿ ಮಿಂದು ಹೊರಬಂದಿತ್ತು. ಅಮ್ಮ ಅದನ್ನು ತಂತಿಗೆ ಹಾಕಿ ಒಣಗಿಸಿದಳು. ಅದರಲ್ಲಿದ್ದದ್ದು ಚೀಗಾಂಗ್ ಎಂಬ ಚೀನಾದ ಮೆದು ವ್ಯಾಯಾಮ, ಮನಸ್ಸನ್ನು ತಹಬಂದಿಗೆ ತರುವ ಎಂಟು ಚಲನೆಗಳು. ಅವಕ್ಕೆ ಅಲ್ಲಿನವರು 'ಎಂಟು ತುಂಡು ರೇಷ್ಮೆ' ಎನ್ನುತ್ತಾರಂತೆ.

"ರೇಷ್ಮೆ ಅಂದ್ಮೇಲೆ ಮೆಷಿನ್ನಿಗೆ ಹಾಕಂಗಿಲ್ಲ," ಎಂದಿದ್ದಳು ಅಮ್ಮ. "ಮೆತ್ತಗೆ ಕೈಯಲ್ಲೇ ಮಾಡ್ಬೇಕು."

ಊಟದ ಬಿಡುವಿನಲ್ಲಿ ಒಣಗಿಸುವ ಯಂತ್ರದ ಹಿಂದೆ ನಿಂತು ಮಾಡಿದಳು. ಎರಡೂ ಕೈಯಿಂದ ಆಕಾಶ ಎತ್ತುವುದು. ಬಿಲ್ಲು ಎಳೆಯುವುದು. ಒಂದು ಅಂಗೈ ಮೇಲಕ್ಕೆ, ಒಂದು ಕೆಳಕ್ಕೆ. ಹೀಗೆ ಏಳು. ಎಂಟನೆಯದರ ಹಾಳೆ ಮಾತ್ರ ನೀರಿನಲ್ಲಿ ಕರಗಿ ಮುದ್ದೆಯಾಗಿತ್ತು. ಎಂಟು ಎಂದು ಬರೆದ ಮೇಲೆ ಏಳಕ್ಕೆ ನಿಲ್ಲಿಸಲು ಅಮ್ಮನಿಗೆ ಮನಸ್ಸು ಬರಲಿಲ್ಲ. ತನಗೆ ಚೆನ್ನಾಗಿ ಬರುವ ಒಂದನ್ನು ಸೇರಿಸಿದಳು: ಉಸಿರು ತೆಗೆದುಕೊಳ್ಳುತ್ತ ತೋಳು ಅಗಲಿಸಿ, ಬಿಡುತ್ತ ಕೂಡಿಸಿ, ಒಂದು ಹೆಜ್ಜೆ ಮುಂದಿಟ್ಟು, ಎದುರಿಗಿದ್ದವರ ಕೈಗೆ ಕೈ ಮುಟ್ಟಿಸುವುದು. ಶೀಟು ಮಡಿಸುವುದು, ಶೀಟಿಲ್ಲದೆ.

ಹೆದರಿಕೆ ಹೋಗಲಿಲ್ಲ. ಬರುವುದು ಕಮ್ಮಿಯಾಯಿತು, ಬಂದಾಗ ಕೂರಿಸಲು ಒಂದು ಜಾಗ ಸಿಕ್ಕಿತು, ಅಷ್ಟೆ. ಆರು ತಿಂಗಳ ಮೇಲೆ ಹೆಬ್ಬೆರಳಪ್ಪ ಒಂದು ಶೀಟನ್ನೂ ಎಸೆಯಲಾರದೆ ಕೈ ಹಿಸುಕಿಕೊಂಡರು. ಆಮೇಲೆ ಕಾರಣ ಕೇಳಲು ತಾವೂ ಯಂತ್ರದ ಹಿಂದೆ ಬಂದರು. ಅಲ್ಲಿಂದ ಗುಂಪು ಬೆಳೆದು ಈ ಅಂಗಳಕ್ಕೆ ಬಂತು.

*

ಹತ್ತೂವರೆಗೆ ಕುರ್ಚಿಗಳು ತುಂಬಿದವು. ಪಕ್ಕದ ಬೀದಿಯಲ್ಲಿ ವ್ಯಾಯಾಮ ಶಾಲೆ ನಡೆಸುವ ಮೇಷ್ಟ್ರೂ ಬಂದಿದ್ದರು. ಅಮ್ಮನ ಬಗ್ಗೆ ಗೌರವವಿದ್ದರೂ ಒಂದು ಮಾತು ಅವರ ಹೊಟ್ಟೆಯಲ್ಲಿ ವರ್ಷಗಳಿಂದ ಕುದಿಯುತ್ತಿತ್ತು.

"ತಪ್ಪು ತಿಳ್ಕೋಬೇಡಿ," ಎಂದರು ಇಸ್ತ್ರಿ ಅತ್ತೆಯ ಕಿವಿಯ ಬಳಿ. "ನೀವು ಮಾಡೋ ಎಂಟನೇದು ಸರಿಯಲ್ಲ. ನಿಜವಾದದ್ದು ಹಿಮ್ಮಡಿ ಎತ್ತಿ ಮೆಲ್ಲಗೆ ಇಳಿಸೋದು. ಯಾವ ಪುಸ್ತಕದಲ್ಲಿ ಬೇಕಾದ್ರೂ ನೋಡಿ."

"ನಮ್ಮ ಪುಸ್ತಕ ಒಗೆದಿದ್ದು ಸ್ವಾಮಿ," ಎಂದಳು ಅತ್ತೆ. "ನಿಮ್ಮದು ಇನ್ನೂ ಒಗೀಬೇಕಷ್ಟೆ."

ಮುಂದಿನ ಸಾಲಿನಲ್ಲಿ ಕಣ್ಣೊರೆಸುತ್ತಿದ್ದವರೂ ಫಕ್ಕನೆ ನಕ್ಕು, ನಕ್ಕಿದ್ದಕ್ಕೆ ನಾಚಿ, ಮತ್ತೆ ಕಣ್ಣೊರೆಸಿಕೊಂಡರು.

ಪುಟ್ಟಿ ಅಡುಗೆಮನೆಯ ಕಿಟಕಿಯ ಹಿಂದೆ ನಿಂತಿದ್ದಳು. ಅದು ಅವಳ ಜಾಗ. ಆರು ವರ್ಷದಿಂದ ಬೆಳಗಿನ ಎಂಟನ್ನೂ ಅವಳು ಈ ಕಿಟಕಿಯ ಹಿಂದೆಯೇ ಮಾಡಿದ್ದು, ಯಾರ ಕಣ್ಣಿಗೂ ಬೀಳದಂತೆ. ಅಮ್ಮನ ಕಣ್ಣೊಂದನ್ನು ಬಿಟ್ಟು.

*

ಆರು ವರ್ಷದ ಹಿಂದೆ ಪುಟ್ಟಿ ಶಾಲೆಯಲ್ಲಿ ಟೀಚರು. ವಾರ್ಷಿಕೋತ್ಸವದ ದಿನ ಮೈಕಿನ ಮುಂದೆ ನಿಂತಳು, ಎದುರಿಗೆ ಕುರ್ಚಿಗಳ ಸಾಲು, ಬಾಯಿ ತೆರೆದಳು. ಮಾತಿನ ಬದಲು ಕತ್ತಲೆ ಬಂತು. ಅವತ್ತಿನಿಂದ ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ತಪ್ಪು ತಿದ್ದುವ ಕೆಲಸ. ಅಂಗಡಿಗೂ ಜನ ಕಮ್ಮಿ ಇರುವ ಹೊತ್ತು ನೋಡಿ ಹೋಗುತ್ತಿದ್ದಳು.

ಅಮ್ಮ ಯಾವತ್ತೂ "ಧೈರ್ಯ ಮಾಡು" ಅನ್ನಲಿಲ್ಲ. ಒಂದು ದಿನ ಮಾತ್ರ, ಒಗೆದ ಶೀಟಿನ ಎರಡು ಮೂಲೆ ಅವಳ ಕೈಗಿಡುತ್ತ ಕೇಳಿದಳು:

"ಈಗ ಬಂದಿದ್ಯಾ ಅದು?"

"ಹ್ಞೂಂ. ಎದೆ ಮೇಲೇ ಕೂತಿದೆ."

"ಎಷ್ಟೊತ್ತು ಅಂತ ಸುಮ್ನೆ ಕೂರುತ್ತೆ ಪಾಪ, ಅದಕ್ಕೂ ಕೆಲಸ ಕೊಡು. ಬಂದಿದ್ಯಲ್ಲ, ಆ ತುದಿ ಹಿಡ್ಕೋ ಅನ್ನು."

*

ಹತ್ತೂ ಮುಕ್ಕಾಲು. ಹನ್ನೊಂದಕ್ಕೆ ಶವದ ಗಾಡಿ ಬರುವುದಿತ್ತು. ಇಸ್ತ್ರಿ ಅತ್ತೆ ಕಿಟಕಿಯ ಕಡೆ ನೋಡಿದಳು. ಕರೆಯಲಿಲ್ಲ.

ಪುಟ್ಟಿ ಬಾಗಿಲು ದಾಟಿದಳು. ಮಂಚದ ಮುಂದೆ ಬಂದು ಕುರ್ಚಿಗಳಿಗೆ ಮುಖ ಮಾಡಿ ನಿಂತಾಗ ಐದು ಸಾಲು ಕಣ್ಣು ಒಟ್ಟಿಗೆ ಅವಳ ಮೇಲೆ ಬಿದ್ದವು. ರಾಕ್ಷಸ ಕಣ್ಣು ಬಿಟ್ಟ. ಅಣ್ಣ ಗೋಡೆಯ ಬದಿಯಿಂದ ಎದ್ದು ಬಂದದ್ದು ಓರೆಗಣ್ಣಿಗೆ ಕಂಡಿತು. ಬಿದ್ದರೆ ಹಿಡಿಯಲು ಅವನ ಎರಡೂ ಕೈ ಆಗಲೇ ಮುಂದೆ ಚಾಚಿದ್ದವು.

ಬಂದ್ಯಾ, ಎಂದಳು ಮನಸ್ಸಿನಲ್ಲೇ. ಬಾ. ಆ ತುದಿ ಹಿಡ್ಕೋ.

ಮಾತು ಹೊರಡಲಿಲ್ಲ. ಹೊರಡದಿದ್ದರೆ ಬೇಡ ಎಂದು ಉಸಿರೆಳೆದುಕೊಂಡು ಎರಡೂ ಕೈಯನ್ನು ಮೇಲಕ್ಕೆ ಎತ್ತಿದಳು. ಆಕಾಶ ನಡುಗಿತು, ಯಾಕೆಂದರೆ ಅದನ್ನು ಹೊತ್ತ ಕೈ ನಡುಗುತ್ತಿತ್ತು. ಆದರೂ ಎತ್ತಿದಳು.

ಹೆಬ್ಬೆರಳಪ್ಪ ಮೊದಲು ಎದ್ದರು. "ಏಳ್ರೀ, ಕೂತ್ಕೊಂಡು ಯಾರಾದ್ರೂ ಆಕಾಶ ಎತ್ತುತ್ತಾರಾ? ಕುರ್ಚಿ ಮಡಚಿ, ಕೈಗೆ ಜಾಗ ಬೇಡ್ವಾ!"

ಫಟ್. ಒಂದು ಕುರ್ಚಿ ಮಡಚಿತು. ಫಟ್, ಫಟ್, ಫಟಫಟಫಟ್, ಸಾಲಿಗೆ ಸಾಲೇ ಮಡಚಿ ಗೋಡೆಗೆ ಒರಗಿತು. ಗಿಣಿಯ ಕತ್ತು ಮುರಿದ ಸದ್ದು ಹೀಗೇ ಇದ್ದಿರಬೇಕು ಎಂದುಕೊಂಡಳು ಪುಟ್ಟಿ. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ದನಿಯೂ ಬಂತು.

"ಎರಡನೇದು. ಬಿಲ್ಲು. ಎಡಗಡೆಯಿಂದ."

ಅರವತ್ತು ಬಿಲ್ಲುಗಳು ಒಟ್ಟಿಗೆ ಎಡಕ್ಕೆ ಬಾಗಿದವು. ಮೇಲಿನ ಮಹಡಿಯ ಕಿಟಕಿಗಳಲ್ಲಿ, ಮೆಟ್ಟಿಲು ಇಳಿಯಲಾಗದ ಮುದುಕರೂ ಎಳೆದರು. ಯಾರೋ ಜೋರಾಗಿ ಅಳುತ್ತಿದ್ದರು, ಉಸಿರು ಮಾತ್ರ ತಪ್ಪಿಸಲಿಲ್ಲ. ಮೂರು, ನಾಲ್ಕು, ಐದು. ಆರನೆಯದಕ್ಕೆ ಎಲ್ಲರೂ ಬಗ್ಗಿ ಪಾದ ಮುಟ್ಟಿದಾಗ ಗೇಟಿನಲ್ಲಿ ಗಾಡಿ ಬಂದು ನಿಂತಿತು. ಡ್ರೈವರ್ ಹಿಂಬಾಗಿಲು ತೆರೆದು, ಒಳಗೆ ನೋಡಿ, ಏನೂ ಕೇಳದೆ ಟೋಪಿ ತೆಗೆದು ಕಾದ. ಮುಷ್ಟಿ ಕಟ್ಟಿ ಮುಂದಕ್ಕೆ ಚಾಚುವ ಏಳನೆಯದಕ್ಕೆ ಅವನ ಮುಷ್ಟಿಯೂ ಬಿಗಿದಿತ್ತು.

"ಎಂಟನೇದು," ಎಂದಳು ಪುಟ್ಟಿ. ದನಿ ಗೇಟಿನವರೆಗೆ ಕೇಳಿಸಿತು. "ಜೋಡಿ ಮಾಡ್ಕೊಳ್ಳಿ."

ಜನ ಎದುರುಬದುರಾದರು. ವ್ಯಾಯಾಮದ ಮೇಷ್ಟ್ರು ಒಂದು ಕ್ಷಣ ಹಿಮ್ಮಡಿಯ ಮೇಲೆ ಎದ್ದರು. ಆಮೇಲೆ ಎದುರಿಗೆ ಬಂದು ನಿಂತಿದ್ದ ಇಸ್ತ್ರಿ ಅತ್ತೆಯನ್ನು ನೋಡಿ ಇಳಿದು, ತೋಳು ಅಗಲಿಸಿದರು. "ನಾಳೆ ಎಷ್ಟೊತ್ತಿಗೆ ಇಲ್ಲಿ?" ಎಂದರು ಮೆಲ್ಲಗೆ.

"ಆರೂಕಾಲಿಗೆ," ಎಂದಳು ಪುಟ್ಟಿ, ಅತ್ತೆ ಬಾಯಿ ತೆರೆಯುವ ಮೊದಲೇ.

ಅವಳು ಮಂಚದ ತಲೆಯ ಕಡೆ ಹೋಗಿ ಬೆಡ್‌ಶೀಟಿನ ಎರಡು ಮೂಲೆ ಹಿಡಿದಳು. ಅಣ್ಣ ಕಾಲಿನ ಕಡೆ ನಿಂತಿದ್ದ. ಹಿಡಿಯಲು ಚಾಚಿದ್ದ ಕೈಗಳಿಗೆ ಈಗ ಕೆಲಸವಿತ್ತು. ಶೀಟು ಗಾಳಿಯಲ್ಲಿ ಏರಿತು. ಕೆಳಗೆ ಅಮ್ಮ, ಲಾಂಡ್ರಿಯ ನೀಲಿ ಕೋಟಿನಲ್ಲಿ, ಒಂದೂ ಸುಕ್ಕಿಲ್ಲದೆ. ಕೋಟಿನ ಜೇಬು ಪುಟ್ಟ ಪುಸ್ತಕದಷ್ಟು ಚೌಕವಾಗಿ ಉಬ್ಬಿತ್ತು.

"ನಂಗೆ ಬರಲ್ಲ ಕಣೇ," ಎಂದ ಅಣ್ಣ.

"ಉಸಿರು ಬಿಡ್ತಾ ಮುಂದೆ ಬಾ. ಅಷ್ಟೇ."

ಅವನು ಬಂದ. ಗ್ರೀಸಿನ ಬೆರಳುಗಳು ಅವಳ ಬೆರಳಿಗೆ ತಾಗಿದವು. ಇನ್ನೊಂದು ಹೆಜ್ಜೆ ಹಿಂದೆ, ಇನ್ನೊಂದು ಮುಂದೆ. ಶೀಟು ಅರ್ಧವಾಯಿತು, ಕಾಲು ಭಾಗವಾಯಿತು, ಪುಟ್ಟಿಯ ಎದೆಯ ಮೇಲೆ ಒಂದು ಪುಸ್ತಕದಂತೆ ನಿಂತಿತು. ಆರು ಜನ ಅಮ್ಮನನ್ನು ಎತ್ತಿ ಗಾಡಿಗೆ ಏರಿಸಿದರು.

ಹೆಬ್ಬೆರಳಪ್ಪ ಕೈ ಚಾಚಿದರು. ಪುಟ್ಟಿ ಶೀಟು ಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದು, ಅಂಚಿನ ಉದ್ದಕ್ಕೂ ಹೆಬ್ಬೆರಳು ಎಳೆದರು, ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ, ನಿಧಾನವಾಗಿ. ಹೆಬ್ಬೆರಳು ಎಲ್ಲೂ ನಿಲ್ಲಲಿಲ್ಲ. ಶೀಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವರು ಗಾಡಿಯ ಹಿಂದೆ ನಡೆದರು.